ನೆರಳಿನ ಗಣರಾಜ್ಯ

೯ ಡಿಸೆಂಬರ್ ೧೯೯೯, ಗುರುವಾರ

ಕಾಲು ಮುರಿದುಕೊಂಡು ಇವತ್ತಿಗೆ ಆರು ದಿನ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟೆ, ಜಾರಿದೆ, ಅಷ್ಟೇ. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿದೆಯಂತೆ. ಎಂಟು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕೊಯ್ಲಿನ ಕಾಲದ ಎಂಟು ವಾರ!

ಇವರು ತೀರಿಕೊಂಡ ಮೇಲೆ ಆರು ವರ್ಷ ನಾನು ಒಂದು ದಿನವೂ ತೋಟ ಸುತ್ತುವುದನ್ನು ತಪ್ಪಿಸಿದವಳಲ್ಲ. ಈಗ ತೋಟದ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, ಎಷ್ಟು ಆಳು, ತೋಟದ ಯಾವ ಪಟ್ಟೆಯಲ್ಲಿ ಕೆಲಸ ಎಂದು ಒಪ್ಪಿಸುತ್ತಾನೆ. ನಾನು ಹೂಂ ಅನ್ನುತ್ತೇನೆ. ಅವನು ಹೇಳಿದ್ದು ನಿಜವೋ ಸುಳ್ಳೋ ನೋಡುವುದಕ್ಕೆ ಕಾಲಿಲ್ಲ.

ವಸ್ತಾರೆಯ ತಮ್ಮ ತನ್ನ ಮಗಳು ಗಗನಾಳನ್ನು ಕಳಿಸಿದ್ದಾನೆ. ಇಪ್ಪತ್ತೆರಡು ವರ್ಷದ ಹುಡುಗಿ. ಡಿಗ್ರಿ ಮುಗಿಸಿ ಸುಮ್ಮನೆ ಇದ್ದಾಳೆ. ಬರುವಾಗ ಬಟ್ಟೆಯ ಚೀಲ ಒಂದು, ಹಾರ್ಮೋನಿಯಂನ ದೊಡ್ಡಣ್ಣನಂತಹ ಕರೆಂಟಿನ ಪೆಟ್ಟಿಗೆ ಒಂದು ತಂದಳು. "ಇದು ಕೀಬೋರ್ಡ್ ಅತ್ತೆ" ಅಂದಳು. ನನ್ನನ್ನು ನೋಡಿಕೊಳ್ಳುವುದಕ್ಕೆ ಬಂದಿದ್ದಾಳೋ, ಅದನ್ನೋ?

ಅವಳೇ ಈ ಹಳೇ ಡೈರಿ ಹುಡುಕಿ ಕೊಟ್ಟಳು. "ಬರೀರಿ ಅತ್ತೆ, ರೈಟರಿಗೆ ಬಯ್ಯೋದು ಸ್ವಲ್ಪ ಕಮ್ಮಿ ಆಗುತ್ತೆ." ಬರೆಯುತ್ತಿದ್ದೇನೆ. ಕಮ್ಮಿಯಾಗಿಲ್ಲ.

೧೩ ಡಿಸೆಂಬರ್, ಸೋಮವಾರ

ಗಗನಾಳ ಸ್ನೇಹಿತರಿಬ್ಬರು ಜೀಪಿನಲ್ಲಿ ಬಂದಿಳಿದರು. ಒಬ್ಬ ವೀರೇಂದ್ರ, ಚಿಕ್ಕಮಗಳೂರಿನಲ್ಲಿ ಅವರಪ್ಪನದು ಕಬ್ಬಿಣದ ಅಂಗಡಿ, ನಮ್ಮವರೇ. ಗಿಟಾರು ಬಾರಿಸುತ್ತಾನೆ. ಇನ್ನೊಬ್ಬ ನಮ್ಮ ಪಕ್ಕದ ಎಸ್ಟೇಟಿನ ಕೃಷ್ಣಪ್ಪನವರ ಮಗ ನಂದನ್. ಅವನದು ಡ್ರಮ್ಮು. ಕೃಷ್ಣಪ್ಪನವರು ನಮ್ಮ ಕಲ್ಲುಗುಡ್ಡ ಬೆಳೆಗಾರರ ಕೂಟದ ಅಧ್ಯಕ್ಷರು, ಮಗನ ಡ್ರಮ್ಮನ್ನು ಮನೆಯಿಂದ ಹೊರಗೆ ಹಾಕಿದ್ದಾರಂತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ನಮ್ಮ ಹಳೇ ಪಲ್ಪರ್ ಮನೆ ಖಾಲಿ ಇದೆಯಲ್ಲ, ಅಲ್ಲಿ ಅಭ್ಯಾಸ ಮಾಡುತ್ತೇವೆ ಎಂದರು.

"ಏನು ಹಾಡ್ತೀರಿ?" ಎಂದು ಕೇಳಿದೆ.

"ಪ್ರೊಗ್ರೆಸ್ಸಿವ್ ರಾಕ್ ಆಂಟಿ" ಅಂದ ವೀರೇಂದ್ರ.

"ಹಾಗಂದ್ರೆ? ಪ್ರಗತಿಪರ ಬಂಡೆಯಾ?"

ಮೂವರೂ ನಕ್ಕರು. ನಾನು ತಮಾಷೆಗೆ ಕೇಳಿದ್ದಲ್ಲ. ಹೋಗಲಿ, ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಪಲ್ಪರ್ ಮನೆಯ ಬೀಗದ ಕೈ ಕೊಟ್ಟೆ. ಇನ್ನು ಮುಂದೆ ಆಂಟಿ ಅನ್ನಬಾರದು ಎಂದೂ ಹೇಳಿದೆ.

೧೪ ಡಿಸೆಂಬರ್, ಮಂಗಳವಾರ

ನನ್ನನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುವುದು ಗಗನಾ ಒಬ್ಬಳಿಂದ ಆಗುತ್ತಿಲ್ಲ. ನನ್ನನ್ನು ಕೇಳದೆಯೇ ಹೋಗಿ ರಾಮಿಯನ್ನು ಒಳಗೆ ಕರೆದುಕೊಂಡು ಬಂದಳು. ರಾಮಿ ಅಂಗಳ ಗುಡಿಸುವವಳು, ಇಷ್ಟು ವರ್ಷ ಹೊಸಿಲು ದಾಟಿದವಳಲ್ಲ. ಬಾಗಿಲಲ್ಲಿ ನಿಂತುಕೊಂಡು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. "ಬನ್ನಿ ರಾಮಮ್ಮ, ನನ್ನ ಸೊಂಟ ಮುರೀತಿದೆ" ಅಂದಳು ಗಗನಾ.

ರಾಮಿಯ ಕೈ ಗಟ್ಟಿ. ಒಂದೇ ಸಲಕ್ಕೆ ಎತ್ತಿದಳು. ನೀರು ಹದವಾಗಿ ಹಾಕಿದಳು.

೧೯ ಡಿಸೆಂಬರ್, ಭಾನುವಾರ

ಇದು ಸಂಗೀತವೇ? ಡಬ್ಬ ಉರುಳಿಸಿದ ಹಾಗೆ ಶುರುವಾಗುತ್ತದೆ. ಅದರ ಮೇಲೆ ಗಿಟಾರು ಕಿರುಚುತ್ತದೆ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಗಗನಾಳ ಕೀಬೋರ್ಡು ದೇವಸ್ಥಾನದ ಗಂಟೆಯ ಹಾಗೆ ಮೆಲ್ಲಗೆ ಬರುತ್ತದೆ, ಮತ್ತೆ ಡಬ್ಬ. ಒಂದು ಹಾಡು ಹದಿನೇಳು ನಿಮಿಷ! ನಾನು ಗಡಿಯಾರ ನೋಡಿದ್ದೇನೆ.

ಮೂರನೇ ಸಲ ಬಾರಿಸುವಾಗ ನನ್ನ ಬೆರಳು ಪ್ಲಾಸ್ಟರಿನ ಮೇಲೆ ತಾನಾಗಿಯೇ ಎಣಿಸುತ್ತಿತ್ತು. ತಕಿಟ ತಕಧಿಮಿ, ತಕಿಟ ತಕಧಿಮಿ. ಏಳೆಣಿಕೆಯ ಮಿಶ್ರಛಾಪು ತಾಳ! ಹತ್ತು ವರ್ಷ ವೀಣೆ ಕಲಿತವಳಿಗೆ ಗೊತ್ತಾಗುವುದಿಲ್ಲವೇ? ಗಗನಾ ಊಟ ತಂದಾಗ ಹೇಳಿದೆ. ಅವಳು ತಟ್ಟೆ ಇಟ್ಟು ಹೊರಗೆ ಓಡಿದಳು. "ಏ ನಂದನ್, ನಿನ್ನ ಸೆವೆನ್-ಎಯ್ಟ್ ಅತ್ತೆಗೆ ಗೊತ್ತಂತೆ ಮಾರಾಯ!" ಮೂವರೂ ಬಂದು ಮಂಚದ ಸುತ್ತ ಕೂತು ತಾಳ ಹಾಕಿಸಿಕೊಂಡರು. ಸಾರು ಆರಿಹೋಯಿತು.

೨೪ ಡಿಸೆಂಬರ್, ಶುಕ್ರವಾರ

ಇವತ್ತು ಇಡೀ ಕಥೆ ಕೇಳಿದೆ. ಹನ್ನೊಂದು ಹಾಡು ಸೇರಿ ಒಂದೇ ಕಥೆಯಂತೆ, ಅದಕ್ಕೆ ಕಾನ್ಸೆಪ್ಟ್ ಆಲ್ಬಂ ಅನ್ನುತ್ತಾರಂತೆ. "ಹರಿಕಥೆ ಅನ್ನು" ಎಂದೆ. "ಹರಿ ಇಲ್ಲದ ಹರಿಕಥೆ" ಅಂದಳು.

ಆಲ್ಬಮ್ಮಿನ ಹೆಸರು 'ನೆರಳಿನ ಗಣರಾಜ್ಯ'. ಒಂದು ಕಾಡಿನಲ್ಲಿ ದೊಡ್ಡ ಮರಗಳೆಲ್ಲ ಸಭೆ ಸೇರಿ, ಬಿಸಿಲು ಬಹಳ ಅಪಾಯದ ವಸ್ತು, ಅದನ್ನು ನಾವೇ ಇಟ್ಟುಕೊಂಡು ಕೆಳಗಿನವರಿಗೆ ಅಳತೆ ಮಾಡಿ ಕೊಡೋಣ ಎಂದು ತೀರ್ಮಾನ ಮಾಡುತ್ತವೆ. ಕೆಳಗಿನ ಸಸಿಗಳು ನೆರಳು ಕೊಟ್ಟದ್ದಕ್ಕೆ ದಿನಾ ಕೃತಜ್ಞತೆ ಹಾಡಬೇಕು. ಒಂದು ಸಸಿ, ಸೂರ್ಯ ಅಂದರೆ ಯಾರು ಎಂದು ಕೇಳಿಬಿಡುತ್ತದೆ. ಅಲ್ಲಿಂದ ಗಲಾಟೆ.

ಬಹಳ ಚೆನ್ನಾಗಿದೆ. ದಿಲ್ಲಿಯವರಿಗೆ ಸರಿಯಾಗಿ ಕೊಟ್ಟಿದ್ದೀಯ ಎಂದೆ. ಬೆಂಗಳೂರಿನವರಿಗೂ.

ಒಂದೆರಡು ತಿದ್ದುಪಡಿ ಹೇಳಿದೆ. ಸಭೆಯ ಅಧ್ಯಕ್ಷತೆಯನ್ನು ಸಿಲ್ವರ್ ಮರಕ್ಕೆ ಕೊಟ್ಟಿದ್ದಳು. ಅದೆಲ್ಲಿ ನೆರಳು ಕೊಡುತ್ತದೆ, ಒಳ್ಳೇ ಕಂಬದ ಹಾಗೆ ನಿಂತಿರುತ್ತದೆ! ಅತ್ತಿ ಮರವನ್ನು ಕೂರಿಸು ಎಂದೆ. ಸಿಲ್ವರ್ ಮರವನ್ನು ಕಾರ್ಯದರ್ಶಿ ಮಾಡಿದಳು.

೧ ಜನವರಿ ೨೦೦೦, ಶನಿವಾರ

ಪ್ರಪಂಚ ಮುಳುಗುತ್ತದೆ ಎಂದಿದ್ದರು. ಮುಳುಗಲಿಲ್ಲ. ಕಾಲು ನವೆಯಾಗುತ್ತಿದೆ. ರಾಮಿ ಬಿದಿರುಕಡ್ಡಿ ಸೀಳಿ ನುಣ್ಣಗೆ ಮಾಡಿ ತಂದುಕೊಟ್ಟಳು, ಪ್ಲಾಸ್ಟರಿನೊಳಗೆ ತೂರಿಸಿ ಕೆರೆದುಕೊಳ್ಳುವುದಕ್ಕೆ. ಸ್ವರ್ಗ.

೬ ಜನವರಿ, ಗುರುವಾರ

ಮಧ್ಯಾಹ್ನ ಪಲ್ಪರ್ ಮನೆಯಿಂದ ಹೊಸ ಧ್ವನಿಯೊಂದು ಕೇಳಿಸಿತು. ಗಂಡಸಿನದು, ವಯಸ್ಸಾದ್ದು. ಮೊದಲು ಒಂದು ಕೂಗು, ಉದ್ದಕ್ಕೆ, ಗುಡ್ಡದ ಆಚೆಗೆ ಹೋಗಿ ಮುಟ್ಟುವಂಥದ್ದು. ಆಮೇಲೆ ಅದೇ ಕೂಗು ಇಳಿದು ಇಳಿದು ಹಾಡಾಯಿತು. ಮೈಯೆಲ್ಲ ಜುಂ ಎಂದಿತು. ಎಲ್ಲಿಂದ ಕರೆಸಿದರಪ್ಪ ಈ ವಿದ್ವಾಂಸರನ್ನು ಎಂದುಕೊಂಡೆ.

"ಯಾರೇ ಅದು?" ಎಂದು ಗಗನಾಳನ್ನು ಕೇಳಿದೆ.

"ಲಕ್ಕಯ್ಯನವರು."

"ಯಾವ ಲಕ್ಕಯ್ಯ?"

"ಅಯ್ಯೋ ಅತ್ತೆ, ನಮ್ಮ ಮರಗಸಿಯವರು. ರಾಮಮ್ಮನ ಯಜಮಾನರು."

ಲಕ್ಕ! ಮೂವತ್ತೊಂದು ವರ್ಷದಿಂದ ನಮ್ಮ ತೋಟದ ಮರ ಹತ್ತಿ ನೆರಳಿನ ಕೊಂಬೆ ಕಡಿಯುವ ಲಕ್ಕ. ಕೊಂಬೆ ಬೀಳುವ ಮುಂಚೆ ಕೆಳಗಿನವರಿಗೆ ಎಚ್ಚರಿಕೆ ಕೊಡುವುದಕ್ಕೆ ಕೂಗುತ್ತಾನಲ್ಲ, ಅದೇ ಕೂಗು. ವರ್ಷ ವರ್ಷ ಮರದ ಕೆಳಗೆ ನಿಂತು, ಇದು ಕಡಿ, ಅದು ಬಿಡು ಎಂದು ಛತ್ರಿಯಲ್ಲಿ ತೋರಿಸುವವಳು ನಾನೇ. ಅದರೊಳಗೆ ಹಾಡಿರುವುದು ಕೇಳಿಸಿರಲಿಲ್ಲ.

ಕೆಲಸದ ಹೊತ್ತಿನಲ್ಲಿ ಹಾಡಿಸಬೇಡಿ ಎಂದು ಹೇಳಿದೆ. 

೧೧ ಜನವರಿ, ಮಂಗಳವಾರ

ನನಗೆ ಬಹಳ ಸಿಟ್ಟು ಬಂದಿದೆ. ಬರೆದು ಹಗುರ ಮಾಡಿಕೊಳ್ಳುತ್ತೇನೆ.

ಏಳನೆಯ ಹಾಡು ಇವತ್ತು ಮೊದಲ ಸಲ ಪೂರ್ತಿ ಹಾಡಿದರು. ಹೆಸರು 'ಕಿಟಕಿ'. ಮರಗಳು ಸಸಿಗಳಿಗೆ ಮನೆ ಕಟ್ಟಿಸಿಕೊಡುತ್ತವೆ. ಸಸಿಗಳು, ಕಿಟಕಿ ಎಲ್ಲಿ ಎಂದು ಕೇಳುತ್ತವೆ. ಮರಗಳು ಹೇಳುತ್ತವೆ:

*ಗೋಡೆ ನಾಕು ಕೊಟ್ಟೆವಲ್ಲ, ಸೂರು ಒಂದು ಕೊಟ್ಟೆವಲ್ಲ,*
*ಬೆಳಕು ಯಾಕೆ ಮನೆಯ ಒಳಗೆ? ಹಗಲು ಹೇಗೂ ಹೊರಗೆ ತಾನೆ!*

ಈ ಮಾತು ದಿಲ್ಲಿಯದ್ದಲ್ಲ. ಇದು ನಮ್ಮ ತೋಟದ್ದು. ಎಪ್ಪತ್ನಾಲ್ಕರಲ್ಲಿ ಆಳುಗಳಿಗೆ ಒಂಬತ್ತು ಲೈನ್ ಮನೆ ಕಟ್ಟಿಸಿದಾಗ ಇದೇ ಮಾತು ಆಡಿದ್ದು. ಗೌಂಡಿ ಬಂದು ಕಿಟಕಿ ಎಷ್ಟು ಇಡಬೇಕು ಎಂದು ಕೇಳಿದ್ದ. ಇವರು ಹಾಗೆ ಹೇಳಿದರು.

ಗಗನಾಳನ್ನು ಕರೆದೆ. "ಯಾರು ಹೇಳಿದ್ದು ನಿಂಗೆ ಇದನ್ನ?"

"ರಾಮಮ್ಮ. ಮನೆ ಕಟ್ಟೋವಾಗ ದೊಡ್ಡೋರು ಯಾರೋ ಹಿಂಗಂದ್ರು ಅಂತ ನಗ್ತಾ ಹೇಳಿದ್ರು. ಯಾರು ಅಂತ ನೆನಪಿಲ್ವಂತೆ."

"ತೀರಿಹೋದ ನಿಮ್ಮ ಮಾವನ್ನ ಊರ ಮುಂದೆ ಆಡ್ಕೊಳ್ತೀಯಾ?"

"ನಾನು ಯಾರ ಹೆಸರೂ ಹೇಳಿಲ್ಲ ಅತ್ತೆ. ಮರ ಅಂದಿದೀನಿ."

"ಮರ ಅಂದ್ರೆ ಯಾರು ಅಂತ ನಂಗೆ ತಿಳಿಯಲ್ವಾ?"

"ಹೋದ ತಿಂಗಳು ದಿಲ್ಲಿ ಅಂದ್ರಲ್ಲ ಅತ್ತೆ" ಎಂದಳು ಮೆಲ್ಲಗೆ. "ದಿಲ್ಲಿ ಆದ್ರೆ ನಗಬಹುದು, ನಮ್ಮನೆ ಆದ್ರೆ ಬಾರದಾ? ಶರಣರು, ಶರಣರು ಅಂತ ದಿನಾ ಬೆಳಿಗ್ಗೆ ಪೂಜೆಗೆ ಕೂರ್ತೀವಲ್ಲ, ಅವರು ಏನು ಹೇಳಿದ್ದು?"

ಆಚೆ ಹೋಗು ಎಂದೆ. ಹೋದಳು.

೧೨ ಜನವರಿ

ಮಾತಿಲ್ಲ. ಪಲ್ಪರ್ ಮನೆಯಿಂದ ಸದ್ದೂ ಇಲ್ಲ. ಇಷ್ಟು ದಿನ ತಲೆನೋವು ಎಂದುಕೊಳ್ಳುತ್ತಿದ್ದೆ. ಈಗ ತಲೆ ನಿಜವಾಗಿಯೂ ನೋಯುತ್ತಿದೆ.

೧೫ ಜನವರಿ, ಸಂಕ್ರಾಂತಿ

ಗಗನಾ ಎಳ್ಳು ಬೆಲ್ಲ ಕೊಟ್ಟಳು. "ಒಳ್ಳೇ ಮಾತಾಡಿ" ಅನ್ನುವಾಗ ಅವಳಿಗೂ ನಗು ಬಂತು, ನನಗೂ ಬಂತು. ಅಷ್ಟಕ್ಕೆ ರಾಜಿ.

ರಾಮಮ್ಮ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕೇಳಿದೆ.

"ನಿಮ್ಮನೆಗೆ ಕಿಟಕಿ ಇಲ್ವೇನೆ?"

"ಇಲ್ಲ ಅಮ್ಮೋರೆ. ಬಾಗ್ಲು ಐತಲ್ಲ."

"ಬಾಗ್ಲು ಹಾಕಿದ್ರೆ?"

"ಕತ್ಲೆ." ಬಾಚಣಿಗೆ ತೆಗೆದುಕೊಂಡಳು. "ಅಭ್ಯಾಸ ಆಗೈತೆ. ಉಪ್ಪಿನ ಡಬ್ಬ ಎಲ್ಲೈತೆ, ಅಕ್ಕಿ ಎಲ್ಲೈತೆ, ಕೈಗೇ ಗೊತ್ತು. ಹೊಗೆ ಒಂದು ಕಣ್ಣಿಗೆ ಹತ್ತುತ್ತೆ. ತಲೆ ಆ ಕಡೆ ತಿರುಗ್ಸಿ."

ತಿರುಗಿಸಿದೆ. ಅವಳು ಜಡೆ ಹೆಣೆದು ಮುಗಿಸಿದಳು.

ಇಲ್ಲಿ ನನ್ನನ್ನು ಬಿಟ್ಟು ಯಾರೂ ಓದುವವರಿಲ್ಲ. ಹಾಗಾಗಿ ಬರೆಯುತ್ತೇನೆ. ಮಂಗಳವಾರ ನಾನು ಬರೆದದ್ದು ಸುಳ್ಳು. ಆ ಮಾತು ಹೇಳಿದ್ದು ಇವರಲ್ಲ. ಇವರು ಮನೆಗೊಂದು ಕಿಟಕಿ ಇರಲಿ ಎಂದೇ ಅಂದಿದ್ದರು. ಪಕ್ಕದಲ್ಲಿ ನಿಂತಿದ್ದ ನಾನು, "ಹಗಲೆಲ್ಲ ತೋಟದಲ್ಲೇ ಇರ್ತಾರೆ, ಕಿಟಕಿ ಇಟ್ಟುಕೊಂಡು ಏನು ನೋಡ್ತಾರೆ?" ಎಂದೆ. ಎಲ್ಲರೂ ನಕ್ಕರು. ಜಾಣೆ ಎನಿಸಿಕೊಂಡ ಸಂತೋಷ ಆ ದಿನವೆಲ್ಲ ಇತ್ತು, ಅದೂ ನೆನಪಿದೆ.

೨೩ ಜನವರಿ, ಭಾನುವಾರ

ಕೃಷ್ಣಪ್ಪನವರು ಬಂದಿದ್ದರು. ಒಂದು ಬುಟ್ಟಿ ಕಿತ್ತಳೆ ತಂದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಕೂತಿದ್ದರು. ಒಳ್ಳೆಯವರು. ಇವರು ಹೋದಾಗ ಹದಿನೈದು ದಿನ ನಮ್ಮ ತೋಟದ ಕೆಲಸವನ್ನೂ ನೋಡಿಕೊಂಡವರು. ಅದಕ್ಕೇ ಅವರಿಗೆ ಇಲ್ಲ ಎನ್ನುವುದು ಕಷ್ಟ.

ಫೆಬ್ರವರಿ ಇಪ್ಪತ್ತಕ್ಕೆ ಕೂಟದ ವಾರ್ಷಿಕೋತ್ಸವ. ಈ ಮೂವರಿಗೆ ಅರ್ಧ ಗಂಟೆ ಕೊಟ್ಟಿದ್ದರು.

"ಸಿನಿಮಾ ಹಾಡು ನಾಕು ಹೇಳ್ತಾರೆ ಅಂದ್ಕೊಂಡಿದ್ದೆ ಗಿರಿಜಾಂಬಾ ಅವರೇ. ಈಗ ನಂದನ್ ಬಾಯಿ ಬಿಟ್ಟ. ಲೈನ್ ಮನೆ, ಕಿಟಕಿ ಅಂತ ಏನೇನೋ ಉಂಟಂತಲ್ಲ? ಸಾಲದ್ದಕ್ಕೆ ಆ ನಿಮ್ಮ ಮರಗಸಿಯವನನ್ನ ಸ್ಟೇಜಿಗೆ ಹತ್ತಿಸ್ತಾರಂತೆ."

"ಕಥೆ ಅದು. ಕಾಡಿನ ಕಥೆ."

"ಕಾಡು ಯಾವುದು ಅಂತ ಅಲ್ಲಿ ಕೂತಿರೋ ಎಲ್ಲರಿಗೂ ಗೊತ್ತಾಗ್ತದೆ. ನಮ್ಮ ಮಕ್ಕಳೇ ನಮ್ಮನ್ನ ಆಡ್ಕೊಂಡ್ರೆ ನಾಳೆ ಆಳುಗಳು ಮಾತು ಕೇಳ್ತಾರಾ? ನಿಮ್ಮ ಮಾತು ಆ ಹುಡುಗಿ ಮೀರಲ್ಲ. ಒಂದು ಮಾತು ಹೇಳಿ."

ನೋಡ್ತೀನಿ ಎಂದೆ. ಹೋಗುವಾಗ, "ಕಾಲು ಜೋಪಾನ" ಅಂದರು. ನಿಜವಾದ ಕಾಳಜಿ ಇತ್ತು ಧ್ವನಿಯಲ್ಲಿ.

ಗಗನಾಳಿಗೆ ಏನೂ ಹೇಳಲಿಲ್ಲ. ಕಿತ್ತಳೆ ಸುಲಿದು ಕೊಟ್ಟಳು, ತಿಂದೆ.

೨೯ ಜನವರಿ, ಶನಿವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿದ್ದ ಕಾಲು ನನ್ನದಲ್ಲ, ಯಾರದೋ ಒಣಗಿದ ಕಟ್ಟಿಗೆ. ಕೋಲು ಹಿಡಿದು ಹತ್ತು ಹೆಜ್ಜೆ ಹಾಕಿದೆ. ಮೂವರೂ ಚಪ್ಪಾಳೆ ಹೊಡೆದರು. ವೀರೇಂದ್ರ ಗಿಟಾರಿನಲ್ಲಿ ಮಂಗಳ ಬಾರಿಸಿದ. ತುಂಟ.

೩೧ ಜನವರಿ, ಸೋಮವಾರ

ಬೆಳಿಗ್ಗೆ ರೈಟರ್ ಬಂದ. ತೋಟಕ್ಕೆ ಹೋಗೋಣವಾ ಎಂದ. ಬೇಡ, ಲೈನಿನ ಕಡೆ ಹೋಗ್ತೀನಿ ಎಂದೆ. ಜೀಪು ತರ್ತೀನಿ ಎಂದ. ಬೇಡ ಎಂದೆ. ಇಳಿಜಾರಿನಲ್ಲಿ ಗಗನಾಳ ಹೆಗಲು ಹಿಡಿದುಕೊಂಡು ಇಳಿದೆ. ಅರ್ಧ ಫರ್ಲಾಂಗು, ಮುಕ್ಕಾಲು ಗಂಟೆ ಹಿಡಿಯಿತು.

ಎಲ್ಲರೂ ಕೆಲಸಕ್ಕೆ ಹೋಗಿದ್ದರು. ರಾಮಮ್ಮ ಮಾತ್ರ ಇದ್ದಳು, ನಮ್ಮ ಮನೆಗೆ ಹೊರಡುತ್ತಿದ್ದವಳು ನನ್ನನ್ನು ಕಂಡು ಗಾಬರಿಯಾದಳು. "ಇಲ್ಲಿಗ್ಯಾಕೆ ಬಂದ್ರಿ ಅಮ್ಮೋರೆ, ಕರೆದಿದ್ರೆ ಬರ್ತಿದ್ನಲ್ಲ."

"ಒಳಗೆ ಬರ್ತೀನಿ" ಎಂದೆ.

ನಾನು ಕಟ್ಟಿಸಿದ ಮನೆಯೊಳಗೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಾಲಿಟ್ಟೆ. ಬಾಗಿ ಹೋಗಬೇಕು. ಹೊರಗೆ ಹತ್ತು ಗಂಟೆಯ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಒಳಗೆ ನನ್ನ ಕೈ ನನಗೆ ಕಾಣಲಿಲ್ಲ. ರಾಮಮ್ಮ ಕೈ ಹಿಡಿದು ಮಣೆಯ ಮೇಲೆ ಕೂರಿಸಿದಳು. ಮೆಲ್ಲಗೆ ಕಣ್ಣು ಹೊಂದಿಕೊಂಡಿತು. ಒಲೆ, ಅದರ ಮೇಲೆ ಹೊಗೆ ಹಿಡಿದು ಕರಿಕಲ್ಲಿನಂತಾದ ಗೋಡೆ, ಸಾಲಾಗಿ ಜೋಡಿಸಿದ ಡಬ್ಬಗಳು. ಎಷ್ಟು ಚೊಕ್ಕಟ! ಯಾರಿಗೂ ಕಾಣದ ಚೊಕ್ಕಟ.

ಗಗನಾ ಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿಸಿಕೊಳ್ಳಲಿ ಎಂದೇ ಹೇಳಿದೆ.

"ರಾಮಮ್ಮ, ಕಿಟಕಿ ಬೇಡ ಅಂತ ಹೇಳಿದ್ದು ನಾನು."

"ಗೊತ್ತು ಅಮ್ಮೋರೆ. ನಾನು ಅಲ್ಲೇ ಇಟ್ಟಿಗೆ ಹೊರ್ತಿದ್ದೆ."

"ನೆನಪಿಲ್ಲ ಅಂದ್ಯಂತೆ?"

"ಎಂಗೆ ಹೇಳ್ಲಿ? ನೀವು ಕಾಲು ಮುರ್ಕೊಂಡು ಮಲಗಿದ್ರಿ." ಒಲೆಗೆ ಕಟ್ಟಿಗೆ ಸರಿಸಿ, "ಆಗ ನಂಗೂ ನಗು ಬಂತು. ಎಲ್ರೂ ನಕ್ರಲ್ಲ" ಅಂದಳು.

ಬೆಲ್ಲದ ಕಾಫಿ ಕೊಟ್ಟಳು. ಕುಡಿದೆ. ವಾಪಸು ಏರು ಹತ್ತುವಾಗ ಗಗನಾ ಎರಡು ಸಲ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡಳು.  ಅತ್ತಳೋ ಏನೋ. ಕೇಳಲಿಲ್ಲ.

೫ ಫೆಬ್ರವರಿ, ಶನಿವಾರ

ಈಗ ದಿನಾ ಪಲ್ಪರ್ ಮನೆಗೇ ಹೋಗಿ ಕೂರುತ್ತೇನೆ. ರೆಕಾರ್ಡಿಂಗ್ ನಡೆಯುತ್ತಿದೆ. ವೀರೇಂದ್ರ ಎಲ್ಲಿಂದಲೋ ಒಂದು ಯಂತ್ರ ಎರವಲು ತಂದಿದ್ದಾನೆ. ಗೋಣಿಚೀಲಗಳನ್ನು ಗೋಡೆಗೆ ನೇತುಹಾಕಿದ್ದಾರೆ, ಸದ್ದು ಪ್ರತಿಧ್ವನಿಸದಿರಲಿ ಎಂದು. ಕೆಮ್ಮಿದರೆ ಮೊದಲಿಂದ.

ಇವತ್ತು ಕೊನೆಯ ಹಾಡು. ಬಿರುಗಾಳಿ ಬಂದು ದೊಡ್ಡ ಮರಗಳೆಲ್ಲ ಉರುಳಿ ಸಸಿಗಳು ಬಿಸಿಲಿಗೆ ಕುಣಿಯುತ್ತವೆ ಎಂದು ಗಗನಾ ಬರೆದಿದ್ದಳು. ಲಕ್ಕಯ್ಯ ಕೇಳಿ ಸುಮ್ಮನೆ ನಕ್ಕ.

"ಯಾಕೆ ನಗ್ತೀರಿ?" ಅಂದಳು.

"ಎಲ್ಲಾ ಮರ ಬಿದ್ರೆ ಗಿಡ ಕುಣಿಯಾಕಿಲ್ಲ ತಾಯಿ. ಎರಡೇ ಬೇಸಿಗೇಲಿ ಸುಟ್ಟು ಹೋಗ್ತವೆ." ಹಣೆ ಒರೆಸಿಕೊಂಡ. "ಮತ್ತೆ ಇನ್ನೊಂದು. ಮರಕ್ಕೆ ಯಾಕೆ ಬಯ್ತೀರಿ? ನಾನು ಮೂವತ್ತು ವರ್ಷ ಅದರ ಮೇಲೇ ಇದ್ದೆ. ಅದು ಬಿಸಿಲು ಹಿಡಿದು ಇಟ್ಕೊಳ್ಳಾಕಿಲ್ಲ. ಯಾವ ಕೊಂಬೆ ಇರ್ಬೇಕು, ಯಾವುದು ಹೋಗ್ಬೇಕು ಅಂತ ಕೆಳಗೆ ನಿಂತು ತೋರಿಸ್ತಾರಲ್ಲ, ಅದು ಅವರ ಲೆಕ್ಕ."

ಹೇಳಿ ಮುಗಿಸಿದ ಮೇಲೆ ಅವನಿಗೆ ನಾನು ಅಲ್ಲಿರುವುದು ನೆನಪಾಯಿತು. ನಾಲಿಗೆ ಕಚ್ಚಿಕೊಂಡ. ನಂದನ್ ಡ್ರಮ್ಮಿನ ಕಡ್ಡಿ ನೋಡುತ್ತಾ ಕೂತ.

"ಸರಿಯಾಗೇ ಹೇಳಿದೀಯ ಲಕ್ಕಯ್ಯ" ಎಂದೆ. "ಗಗನಾ, ಬರ್ಕೋ. ಅದನ್ನೇ ಹಾಡಿಸು."

ಸಂಜೆಯೊಳಗೆ ಹೊಸ ಹಾಡು ಬರೆದಳು. ಮರ ಬೀಳುವುದಿಲ್ಲ. ಸಸಿಗಳು ಕೆಳಗಿನಿಂದ ಕೂಗಿ, ಯಾವ ಕೊಂಬೆ ಎಂದು ತಾವೇ ಹೇಳುತ್ತವೆ. ಮೊದಲಿನದಕ್ಕಿಂತ ಎಷ್ಟೋ ಮೇಲು. ಹದಿನೇಳು ನಿಮಿಷವಿದ್ದ ಈ ಹಾಡು ಮಾತ್ರ ಹತ್ತೊಂಬತ್ತಾಯಿತು.

೧೦ ಫೆಬ್ರವರಿ, ಗುರುವಾರ

ಗೌಂಡಿ ಬಂದಿದ್ದಾನೆ. ಒಂಬತ್ತು ಮನೆಗೂ ಪೂರ್ವದ ಗೋಡೆಗೆ ಕಿಟಕಿ ಒಡೆಸುವುದು ಎಂದು ಗುರುತು ಹಾಕಿಸಿದ್ದೆ. ರಾಮಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅಡ್ಡ ನಿಂತಳು.

"ಪೂರ್ವಕ್ಕೆ ಬೇಡ. ಆ ಕಡೆ ಬರೀ ಧರೆ. ಮಣ್ಣು ನೋಡ್ತಾ ಕೂರ್ಲಾ? ಈ ಕಡೆ ಇಡ್ರಿ, ದಾರಿ ಕಡೆ. ಯಾರು ಬಂದ್ರು, ಯಾರು ಹೋದ್ರು ಕಾಣ್ಬೇಕು."

"ಬೆಳಗಿನ ಬಿಸಿಲು ಒಳ್ಳೇದು ಕಣೇ."

"ಬೆಳಿಗ್ಗೆ ಆರಕ್ಕೆ ಎದ್ದು ಹೋಗೋರಿಗೆ ಬೆಳಗಿನ ಬಿಸಿಲು ಯಾಕಮ್ಮೋರೆ? ಸಂಜೆದು ಬೇಕು."

ಇಷ್ಟು ವರ್ಷ ಎದುರಾಡದವಳು! ಒಂದೊಂದು ಮನೆಯವರು ಒಂದೊಂದು ಕಡೆ ಹೇಳಿದರು. ಗೌಂಡಿ ತಲೆ ಕೆರೆದುಕೊಂಡ. ಅವರು ಹೇಳಿದ ಹಾಗೆ ಮಾಡು ಎಂದು ಬಂದುಬಿಟ್ಟೆ. ಒಂಬತ್ತು ಮನೆ, ಒಂಬತ್ತು ದಿಕ್ಕು. ನೋಡಿದವರು ನಗುತ್ತಾರೆ.

೨೦ ಫೆಬ್ರವರಿ, ಭಾನುವಾರ

ಇದನ್ನು ಇವತ್ತೇ ಬರೆಯಬೇಕು.

ಕೂಟದ ಹಾಲ್ ತುಂಬಿತ್ತು. ಮುನ್ನೂರು ಜನ. ಊಟಕ್ಕೆ ಮುಂಚೆ ಹುಡುಗರ ಅರ್ಧ ಗಂಟೆ. ನಾನು ಮುಂದಿನ ಸಾಲಿನಲ್ಲಿ, ಕೃಷ್ಣಪ್ಪನವರ ಪಕ್ಕ. "ಹೇಳಿದೀರಿ ತಾನೆ?" ಎಂದು ಕೇಳಿದರು. "ಹೇಳಿದೀನಿ" ಎಂದೆ. ಏನು ಹೇಳಿದ್ದೇನೆ ಎಂದು ಅವರು ಕೇಳಲಿಲ್ಲ. ನಿನ್ನೆ ಗಗನಾಳಿಗೆ ನಾನು ಹೇಳಿದ್ದು ಇಷ್ಟೇ: "ಏಳನೇ ಹಾಡು ಬಿಡಬೇಡಿ."

ಲಕ್ಕಯ್ಯನಿಗೆ ಇವರ ಬಿಳಿ ಅಂಗಿ ಕೊಟ್ಟಿದ್ದೆ. ತೋಳು ಸ್ವಲ್ಪ ಉದ್ದವಾಯಿತು, ಮಡಿಸಿಕೊಂಡಿದ್ದ. ರಾಮಮ್ಮ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು.

ಮೊದಲ ಹಾಡಿಗೆ ಜನ ಕಿವಿ ಮುಚ್ಚಿಕೊಂಡರು. ಎರಡನೆಯದಕ್ಕೆ ಮರಗಳ ಸಭೆಯ ಕಡೆ ನಕ್ಕರು. ಸಿಲ್ವರ್ ಮರದ ಕಾರ್ಯದರ್ಶಿ ವರದಿ ಓದುವಾಗ ನಮ್ಮ ಕಾರ್ಯದರ್ಶಿಗಳೇ ಜೋರಾಗಿ ನಕ್ಕರು. ಆಮೇಲೆ 'ಕಿಟಕಿ'. ಲಕ್ಕಯ್ಯ ಮುಂದೆ ಬಂದ. ಗೋಡೆ ನಾಕು ಕೊಟ್ಟೆವಲ್ಲ ಎಂದು ಶುರು ಮಾಡಿದ. ನಗು ನಿಂತಿತು. ಯಾರೋ ಕುರ್ಚಿ ಎಳೆದರು. ಒಂದು ಸಂಸಾರ ಎದ್ದು ಹೊರಟಿತು, ಇನ್ನೊಂದು. ಕೃಷ್ಣಪ್ಪನವರು ಹಿಂದೆ ತಿರುಗಿ ಯಾರಿಗೋ ಕೈ ಮಾಡಿದರು.

ಕರೆಂಟು ಹೋಯಿತು. ಗಿಟಾರು ಸತ್ತಿತು, ಕೀಬೋರ್ಡು ಸತ್ತಿತು, ಮೈಕು ಸತ್ತಿತು. ಗಗನಾ ಮುಖ ಬಿಳಿಚಿಕೊಂಡು ನಿಂತಳು.

ಡ್ರಮ್ಮಿಗೆ ಕರೆಂಟು ಬೇಡವಲ್ಲ. ನಂದನ್ ಅಪ್ಪನ ಕಡೆ ನೋಡಿದ. ನೋಡುತ್ತಲೇ ಬಾರಿಸಿದ. ಲಕ್ಕಯ್ಯ ಒಂದು ಕ್ಷಣ ಮೈಕನ್ನು ನೋಡಿ, ಅದನ್ನು ಪಕ್ಕಕ್ಕೆ ಸರಿಸಿ, ಎದೆ ತುಂಬ ಉಸಿರು ತೆಗೆದುಕೊಂಡ. ಎಪ್ಪತ್ತು ಅಡಿ ಮೇಲಿಂದ ಕೆಳಗಿನವರಿಗೆ ಕೇಳಿಸುವ ಹಾಗೆ ಕೂಗಿ ಅಭ್ಯಾಸವಾದ ಗಂಟಲು ಅದು. ಆ ಹಾಲ್ ಯಾವ ಮೂಲೆಗೆ! ಎದ್ದು ಬಾಗಿಲವರೆಗೆ ಹೋಗಿದ್ದವರು ಅಲ್ಲೇ ನಿಂತರು.

ಕೃಷ್ಣಪ್ಪನವರು ಎದ್ದರು, ಸ್ಟೇಜಿನ ಕಡೆ ಹೊರಟರು. ನಾನೂ ಎದ್ದೆ. ಕೋಲು ಕೆಳಗೆ ಬಿತ್ತು. ಅವರ ತೋಳು ಹಿಡಿದುಕೊಂಡೆ, ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ.

"ಕೂತ್ಕೊಳಿ ಕೃಷ್ಣಪ್ಪನವರೇ. ಹಾಡು ಮುಗಿದಿಲ್ಲ."

"ನಿಮ್ಮನ್ನೇ ಆಡ್ಕೊಳ್ತಿದಾನಲ್ರಿ!"

"ಹೌದು. ಆ ಮಾತು ನಂದೇ. ಅಂದಿದ್ದು ನಾನು, ಅವನು ಅದಕ್ಕೆ ರಾಗ ಹಾಕಿದಾನೆ, ಅಷ್ಟೆ. ಕೇಳೋಣ."

ಸುತ್ತಲಿನವರಿಗೆಲ್ಲ ಕೇಳಿಸಿತು. ಕೇಳಿಸಲಿ. ಕೃಷ್ಣಪ್ಪನವರು ನನ್ನ ಕಾಲು ನೋಡಿದರು, ಮುಖ ನೋಡಿದರು. ನನ್ನನ್ನು ಮೆಲ್ಲಗೆ ಕೂರಿಸಿದರು. ಆಮೇಲೆ ಅವರೂ ಕೂತರು. ಹಾಡು ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಕೊನೆಗೆ ಚಪ್ಪಾಳೆ ಹೊಡೆದದ್ದು ಹತ್ತು ಜನವೋ ಹನ್ನೆರಡು ಜನವೋ. ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ನಿಂತಿದ್ದರು, ಅವರು ಸಿಳ್ಳೆ ಹಾಕಿದರು. ಲಕ್ಕಯ್ಯ ಕೈ ಮುಗಿದ. ಯಾರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

೨೧ ಫೆಬ್ರವರಿ

ಮೂರು ಫೋನು ಬಂತು. ಇಬ್ಬರು ಬಯ್ದರು. ಮೂರನೆಯದು ಸಂಸೆಯಿಂದ, ಇವರ ದೂರದ ಸಂಬಂಧದವರು. ಅವರೂ ಮೊದಲು ಬಯ್ದರು, ಆಮೇಲೆ ಕ್ಯಾಸೆಟ್ಟು ಯಾವಾಗ ಬರುತ್ತದೆ ಎಂದು ಕೇಳಿದರು. ನಂದನ್ ಎರಡು ದಿನ ನಮ್ಮಲ್ಲೇ ಇರುತ್ತಾನಂತೆ. ಇರಲಿ, ಹಾಸಿಗೆಗೇನು ಬರ.

೧೨ ಮಾರ್ಚ್, ಭಾನುವಾರ

ಬಹಳ ದಿನ ಬರೆಯಲಿಲ್ಲ. ತಿರುಗಾಡುವುದೇ ಆಯಿತು.

ಗುರುವಾರ ಒಂದು ಒಳ್ಳೇ ಮಳೆ ಬಿದ್ದು, ತೋಟವೆಲ್ಲ ಮೊಗ್ಗು ಕಟ್ಟಿದೆ. ಇನ್ನು ವಾರದೊಳಗೆ ಹೂ ಬಿಟ್ಟು ಬೆಳ್ಳಗಾಗುತ್ತದೆ. ನಂದನ್ ಮನೆಗೆ ಹೋದ. ಅಪ್ಪ ಮಗ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ಡ್ರಮ್ಮು ಅವರ ಗೋದಾಮಿಗೆ ಹೋಗಿದೆ. ಗಗನಾ ಇನ್ನು ಹೊರಡುತ್ತಾಳೆ ಎಂದುಕೊಂಡಿದ್ದೆ. ನಿನ್ನೆ ಕೇಳಿದರೆ, "ಎರಡನೇ ಆಲ್ಬಮ್ ಇಲ್ಲೇ ಮಾಡೋದು ಅತ್ತೆ. ಈ ಸಲ ಜೇನಿನ ಕಥೆ" ಅಂದಳು. ನನ್ನ ಕಾಲೇನೋ ನೆಟ್ಟಗಾಯಿತು, ಇವಳು ಇಲ್ಲಿರುವ ನೆಪ ಹೋಯಿತು, ಇವಳು ಮಾತ್ರ ಹೋಗುವುದಿಲ್ಲ. ಬಾಯಲ್ಲಿ ಗೊಣಗಿದೆ. ಒಳಗೆ ಹೋಗಿ ಅವಳಿಗೆ ಇಷ್ಟವೆಂದು ಕಡುಬಿಗೆ ಅಕ್ಕಿ ನೆನೆಹಾಕಿದೆ.

ನಿನ್ನೆ ಕ್ಯಾಸೆಟ್ಟು ಬಂತು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ನಾಲ್ಕು ಹೆಸರು. ನಾಲ್ಕನೆಯದು, 'ಹಾಡು ಮತ್ತು ತಿದ್ದುಪಡಿ: ಲಕ್ಕಯ್ಯ'. ಗಗನಾ ಅದನ್ನು ಮೊದಲು ಲೈನಿಗೆ ಕೊಂಡುಹೋಗಿ ಅವರಿಗೇ ಓದಿ ಹೇಳಿದಳಂತೆ. ನನಗೆ ಎರಡನೆಯ ಪ್ರತಿ ಸಿಕ್ಕಿತು. ನ್ಯಾಯವೇ.

ಇವತ್ತು ರಾಮಮ್ಮ ಬಂದವರು ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಹೇಳಿದರು, "ನಾಕು ಗಂಟೆಗೆ ನಮ್ಮನೇಲಿ ಎಲ್ರೂ ಕೂತು ಕ್ಯಾಸೆಟ್ ಹಾಕ್ತೀವಿ. ನೀವೂ ಬನ್ರಿ. ಕುರ್ಚಿ ಇಲ್ಲ, ಮಣೆ ಐತೆ. ಕಾಲು ಮಡಚಾಕೆ ಆಗುತ್ತಾ?"

ಆಗುತ್ತದೆ ಎಂದೆ.

"ಸರೀಗೆ ನಾಕಕ್ಕೆ ಬರ್ಬೇಕು. ನಮ್ಮನೆಯೋರು ಕಾಯಾಕಿಲ್ಲ. ತಡ ಆದ್ರೆ ಮೊದ್ಲಿಂದ ಹಾಕಾಕಿಲ್ಲ ಮತ್ತೆ."

ಮೂರೂ ನಲವತ್ತಾಯಿತು. ಇಳಿಜಾರು ಇಳಿಯಲು ನನಗೆ ಇನ್ನೂ ಇಪ್ಪತ್ತು ನಿಮಿಷ ಬೇಕು. ಇದನ್ನು ಇಲ್ಲಿಗೇ ಮುಚ್ಚಿಡುತ್ತೇನೆ. ತಡವಾದರೆ ಬೈಯುತ್ತಾರೆ.